ಮೈಕಮ್ಮ ಎರಡು ಸಲ ಹೇಳಿದ ಮಾತು

ಹೊರಟುಹೋಗಿದ್ದ ಬಸ್ಸೊಂದು ಇನ್ನೇನು ಹೊರಡಲಿದೆ ಎಂದು ಮೈಕಮ್ಮ ಆ ದಿನ ಬೆಳಿಗ್ಗೆ ಕೂಗಿಬಿಟ್ಟಳು. ಕೂಗಿದ್ದು ಒಂದು ಸಲವಲ್ಲ, ಬಸ್‌ಸ್ಟ್ಯಾಂಡಿನ ಪದ್ಧತಿಯಂತೆ ಎರಡು ಸಲ. ಮಂದಿ ಗಂಟುಮೂಟೆ ಎತ್ತಿಕೊಂಡು, ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡು ನಾಲ್ಕನೇ ಪ್ಲಾಟ್‌ಫಾರಮ್ಮಿಗೆ ಓಡಿದರು. ಅಲ್ಲಿ ಬಸ್ಸು ಬಿಟ್ಟುಹೋದ ಎಣ್ಣೆಯ ಕಲೆಯೊಂದು ಬಿಟ್ಟರೆ ಮತ್ತೇನೂ ಇರಲಿಲ್ಲ. ಒಬ್ಬ ಮುದುಕ ಆ ಕಲೆಯ ಮುಂದೆ ನಿಂತು, ಬಸ್ಸು ಅದರೊಳಗಿಂದಲೇ ಮೇಲೆದ್ದು ಬರಬೇಕು ಎಂಬಂತೆ ಕಾಯತೊಡಗಿದ. ಗಾಜಿನ ಗೂಡಿನೊಳಗೆ ಕೂತಿದ್ದ ಮೈಕಮ್ಮನಿಗೆ ಇದೆಲ್ಲ ಕಂಡಿತು, ಆದರೆ ತನ್ನ ತಪ್ಪೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಅವಳ ಮೂಗಿನ ಮುಂದೆ ಮೈಕಿನ ಸ್ಪಂಜು ಇತ್ತು. ಅವಳಿಗಿಂತ ಮೊದಲು ಅಲ್ಲಿ ಕೂತು ಕೂಗಿದವರೆಲ್ಲರ ಉಸಿರು, ಗಂಟಲಿನ ಗುಳಿಗೆ, ನೆಗಡಿ ಎಲ್ಲ ಆ ಸ್ಪಂಜಿನಲ್ಲಿ ಸೇರಿಕೊಂಡು, ಹಳೇ ಮನೆಯ ಕಪಾಟಿನಂಥ ವಾಸನೆ ಬರುತ್ತಿತ್ತು. ಕಂಟ್ರೋಲರು ಬಾಗಿಲಲ್ಲಿ ತಲೆ ತೂರಿಸಿ, "ಏನ್ರೀ ಮೈಕಮ್ಮ, ಹೋಗಿರೋ ಬಸ್ಸನ್ನ ವಾಪಸ್ ಕರೀತಿದ್ದೀರಾ? ನೀವು ಕರೆದ್ರೆ ಬಂದ್ರೂ ಬಂದೀತು ಅನ್ನಿ, ನಂಬೋಕಾಗಲ್ಲ" ಎಂದರು. ಅವಳು ನಕ್ಕಳು. ನಕ್ಕದ್ದು ಮೈಕಿನಲ್ಲಿ ಹೋಯಿತು. ಬಸ್ಸು ತಪ್ಪಿಸಿಕೊಂಡವರೆಲ್ಲ ತಲೆ ಎತ್ತಿ ಧ್ವನಿಪೆಟ್ಟಿಗೆಗಳನ್ನು ದುರುಗುಟ್ಟಿ ನೋಡಿದರು.

ಅವಳ ದನಿಯ ಬಗ್ಗೆ ಡ್ರೈವರುಗಳು ಹಬ್ಬಿಸಿದ ಕತೆಗಳಿಗೆ ಕೊನೆಮೊದಲಿಲ್ಲ. ಒಂದು ದಿನ ಅವಳು ಕೆಮ್ಮಿದ್ದಕ್ಕೆ ಸಾಲಾಗಿ ನಿಂತಿದ್ದ ಬಸ್ಸುಗಳೆಲ್ಲ ಹಿಂದಕ್ಕೆ ಸರಿದವಂತೆ. ಎರಡು ಬೀದಿ ಆಚೆ ಗಂಡಹೆಂಡಿರ ಜಗಳ ಅವಳು ಕೂಗುವಷ್ಟು ಹೊತ್ತು ನಿಂತು, ಆಮೇಲೆ ಬಿಟ್ಟ ಬೈಗುಳದಿಂದಲೇ ಮತ್ತೆ ಶುರುವಾಗುತ್ತದಂತೆ. ಇವೆಲ್ಲ ನಿಜವೋ ಸುಳ್ಳೋ, ಒಂದಂತೂ ನಿಜ. ಅವಳ ಹೆತ್ತಮ್ಮ, ಮಗಳ ದನಿ ಕಿವಿಗೆ ಬೀಳಬಾರದೆಂದು ಬಸ್‌ಸ್ಟ್ಯಾಂಡಿಗೆ ಬರುವುದನ್ನೇ ಬಿಟ್ಟು, ಊರೆಲ್ಲ ಸುತ್ತಿ ಹೋಗುವ ಬಾಡಿಗೆ ವ್ಯಾನಿನಲ್ಲಿ ಮುದುಡಿ ಕೂತು ಮೊಣಕಾಲು ಹಿಡಿಸಿಕೊಳ್ಳುತ್ತಾಳೆ. "ನಂಗಿದ್ದದ್ದು ಒಬ್ಬಳೇ ಮಗಳು, ತೀರ್ಕೊಂಡ್ಲು" ಎಂದು ಪಕ್ಕದ ಸೀಟಿನವರಿಗೆ ಹೇಳುತ್ತಾಳಂತೆ. ಸತ್ತವಳು ದಿನವಿಡೀ ಮೈಕಿನಲ್ಲಿ ಕೂಗುತ್ತಿದ್ದರೆ ಹೆತ್ತವಳಿಗೆ ಮುಜುಗರವಾಗದೆ ಇರುತ್ತದೆಯೇ.

ಹದಿನೈದು ದಿನಕ್ಕೊಮ್ಮೆ ಬರುವ ದಿನ ಇದು. ಮಧ್ಯಾಹ್ನ ಒಂದು ಗಂಟೆ ಕಾಲ ಮೈಕಮ್ಮನಿಗೆ ಅವಳ ಮಗಳನ್ನು ತೋರಿಸುತ್ತಾರೆ. ತೋರಿಸುತ್ತಾರೆ ಎನ್ನುವ ಮಾತು ಅವಳದೇ. ಕೋರ್ಟಿನ ಭಾಷೆಯಲ್ಲಿ ಅದಕ್ಕೆ ಭೇಟಿ ಎನ್ನುತ್ತಾರೆ. ಕೋರ್ಟಿನ ಹಿಂಭಾಗದ ಒಂದು ಕೋಣೆ, ಅಲ್ಲಿ ಕಾವಲಿಗೆ ಒಬ್ಬ ಹೆಂಗಸು, ಗೋಡೆಯಲ್ಲಿ ಬಣ್ಣ ಮಾಸಿದ ಆನೆ. ಮುಂದಿನ ತಿಂಗಳು ಜಡ್ಜು ಮತ್ತೆ ಕೂರುವವರಿದ್ದಾರೆ. ಭಾನುವಾರ ಮಗಳನ್ನು ಮನೆಗೆ ಕರೆದುಕೊಂಡು ಹೋಗಬಹುದೋ, ಇಲ್ಲಾ ಈ ಒಂದು ಗಂಟೆಯೂ ಹೋಗುತ್ತದೋ, ಆವತ್ತು ಗೊತ್ತಾಗುತ್ತದೆ. "ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರಿ ತಾಯಿ" ಎಂದಿದ್ದರು ಅವಳ ವಕೀಲರು. "ಕಾನೂನಿಗೆ ಹೊಟ್ಟೆ ಸಣ್ಣದು. ಎಲ್ಲಾ ನಿಜಾನೂ ಒಂದೇ ಸಲ ಬಡಿಸ್ಬಾರದು, ವಾಂತಿ ಮಾಡ್ಕೊಳತ್ತೆ." ಮಗಳ ಅಪ್ಪನೂ ಫೋನು ಮಾಡಿದ್ದ. ಅವನು ಕನ್ನಡಕದ ಅಂಗಡಿಯವನು, ಯಾರ ಕಣ್ಣಿಗೂ ನೋವಾಗದ ಹಾಗೆ ಮೆಲ್ಲಗೆ ಮಾತಾಡುವವನು. "ಕೋರ್ಟಿನ ಮುಂದೆ ಕೂರ್ತಾರಲ್ಲ, ಆ ಕುರ್ಚಿ ಹೆಂಗಸರ ಜೊತೆ ಕೂತದ್ದು ಕಂಡ್ರೆ, ಮಗೂನ ನೋಡೋದು ಮರ್ತುಬಿಡು. ಕೋಪಕ್ಕೆ ಹೇಳ್ತಿಲ್ಲ, ಮುಂಚೇನೇ ಹೇಳಿರೋಣ ಅಂತ" ಎಂದಿದ್ದ. ಅವನು ಕೆಟ್ಟವನೆನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಿತ್ತು. ಅವಳಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಅದು. ಅದೇ ಕೈ ಕೋರ್ಟಿನಲ್ಲಿ ಅವಳತ್ತ ಬೆರಳು ತೋರಿಸುವಾಗ ಕೂಡ ಅವಳಿಗೆ ಮೊದಲು ನೆನಪಾದದ್ದು ಆ ಒದ್ದೆ ಬಟ್ಟೆಯ ತಂಪೇ.

ಬೆಳಿಗ್ಗೆ ಮನೆಯಲ್ಲಿ, ಅವಳ ಜೊತೆಗಿರುವ ಡಿಪೋದ ಮೆಕ್ಯಾನಿಕ್ಕು ಕಾಫಿಯ ಲೋಟ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು, "ಓನರಮ್ಮ, ಬಾಡಿಗೆಯವಳು ಇನ್ನೊಂದು ಚಮಚ ಸಕ್ಕರೆ ಹಾಕ್ಕೋಬಹುದಾ? ಅಗ್ರಿಮೆಂಟಲ್ಲಿ ಇದೆಯಾ?" ಎಂದಿದ್ದಳು. ಕೆಟ್ಟುನಿಂತ ಬಸ್ಸುಗಳನ್ನು ಎಳೆದು ತರುವ ದೊಡ್ಡ ಗಾಡಿ ಓಡಿಸುವವಳು, ಡಿಪೋದಲ್ಲಿ ಗಂಡಸರು ಮೂರು ಜನ ಸೇರಿ ತಿರುಗಿಸಲಾರದ ನಟ್ಟನ್ನು ಒಂದು ಬೈಗುಳ ಬೈದೇ ಸಡಿಲಿಸುವವಳು ಎಂದು ಅವಳ ಖ್ಯಾತಿ. ಅವಳ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ. ಸಕ್ಕರೆಯ ಮಾತು ತಮಾಷೆಯದೇ. ದಿನಾ ಒಂದು ಇಂಥ ತಮಾಷೆ ಇರುತ್ತದೆ. ಚಾದರ ಎಳೆದುಕೊಳ್ಳುವಾಗ, "ಓನರಮ್ಮನ ಪಾಲು ಇಷ್ಟೇನಾ?" ಎನ್ನುತ್ತಾಳೆ. ನಲ್ಲಿ ಸೋರಿದರೆ, "ರಿಪೇರಿ ಓನರ್ ಮಾಡಿಸ್ಬೇಕು, ನಾನ್ಯಾಕೆ ಕೈ ಹಾಕ್ಲಿ" ಎನ್ನುತ್ತ ಮಾಡಿಬಿಡುತ್ತಾಳೆ. ಮೈಕಮ್ಮನೂ ನಗುತ್ತಾಳೆ. ನಗು ಮುಗಿದ ಮೇಲೆ ಇಬ್ಬರ ನಡುವೆ ಒಂದು ಖಾಲಿ ಕುಳಿತುಕೊಳ್ಳುತ್ತದೆ. ಮನೆಗೆ ಕರೆಯದೆ ಬಂದ ನೆಂಟನ ಹಾಗೆ ಅದು ಎದ್ದು ಹೋಗುವುದೇ ಇಲ್ಲ.

ಮೆಕ್ಯಾನಿಕ್ಕು ಮೈಕಮ್ಮನ ಗೂಡಿಗೆ ಮೊದಲು ಬಂದದ್ದು ಮೈಕು ಕೆಟ್ಟಿದ್ದ ದಿನ. ಎಲೆಕ್ಟ್ರಿಷಿಯನ್ ರಜೆಯಲ್ಲಿದ್ದ, ಬಸ್ಸಿನ ವೈರು ಗೊತ್ತಿದ್ದವರಿಗೆ ಮೈಕಿನ ವೈರು ಗೊತ್ತಾಗದೆ ಏನು ಎಂದು ಕಂಟ್ರೋಲರು ಅವಳನ್ನೇ ಕಳಿಸಿದ್ದರು. ಗಾಜಿನ ಗೂಡಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಡೀಸೆಲ್ಲಿನ ವಾಸನೆ ಒಳಗೆ ಬಂತು. "ಏನಾದ್ರೂ ಮಾತಾಡಿ, ಟೆಸ್ಟ್ ಮಾಡೋಣ" ಎಂದಳು. "ಏನು ಮಾತಾಡ್ಲಿ?" "ನಿಮಗೆ ತೋಚಿದ್ದು." ಅಷ್ಟು ವರ್ಷ ಕೂಗಿದವಳಿಗೆ ತನ್ನದು ಎನ್ನುವ ಒಂದು ಮಾತೂ ತೋಚಲಿಲ್ಲ. ಬಾಯಿ ತೆರೆದು ಕೂತಳು. ಮೆಕ್ಯಾನಿಕ್ಕು ಮುಖ ಹತ್ತಿರ ತಂದು, "ಪರವಾಗಿಲ್ಲ, ಉಸಿರಾಡಿ, ಅದೂ ಕೇಳತ್ತೆ" ಎಂದಳು. ಇಡೀ ಬಸ್‌ಸ್ಟ್ಯಾಂಡಿಗೆ ಅವಳ ಉಸಿರು ಕೇಳಿತು.

ಕೋರ್ಟಿನಲ್ಲಿ ಮಗಳ ಕೇಸು ನಡೆದ ದಿನ ಎದುರು ವಕೀಲ, ಮನೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳಲ್ಲ, ಅವಳು ನಿಮಗೇನಾಗಬೇಕು ಎಂದು ಕೇಳಿದ. ಏನು ಹೇಳಬೇಕೆಂದು ಮೊದಲೇ ಗಿಣಿಗೆ ಕಲಿಸಿದ ಹಾಗೆ ಕಲಿಸಿದ್ದರು. ಕಟಕಟೆಯ ಮರಕ್ಕೆ ಅವಳ ಬೆರಳು ಅಂಟಿಕೊಂಡಿತ್ತು. ಭಯವಾದಾಗ ಅವಳ ಮನೆಯ ದನಿ ಒಳಗೆಲ್ಲೋ ಅಡಗಿಕೊಂಡು, ಗೂಡಿನ ದನಿ ತಾನಾಗಿ ಎದ್ದು ಬರುತ್ತದೆ. ಅದು ಸ್ವಚ್ಛ, ಗಟ್ಟಿ, ಯಾರದೂ ಅಲ್ಲದ ದನಿ. "ಅವರು ನಮ್ಮ ಮನೇಲಿ ಬಾಡಿಗೆಗೆ ಇರೋರು." ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಒಂದು ಸಲ ಕೂಗಿ ನಿಲ್ಲಿಸುವುದು ಆ ದನಿಗೆ ಗೊತ್ತೇ ಇರಲಿಲ್ಲ. ಎರಡು ಉಸಿರಿನ ಬಿಡುವು ಕೊಟ್ಟು, ಒಂದಕ್ಷರ ಆಚೀಚೆಯಾಗದಂತೆ, "ಅವರು ನಮ್ಮ ಮನೇಲಿ ಬಾಡಿಗೆಗೆ ಇರೋರು" ಎಂದು ಮತ್ತೊಮ್ಮೆ ಹೇಳಿತು. ಯಾರೋ ಕಿಸಕ್ಕೆಂದರು. ಹಿಂದಿನ ಬೆಂಚಿನಲ್ಲಿ ಮೆಕ್ಯಾನಿಕ್ಕು ಒಗೆದ ಅಂಗಿ ಹಾಕಿಕೊಂಡು, ಉಗುರು ಕಾಣದಂತೆ ಕೈ ಮಡಚಿಕೊಂಡು ಕೂತಿದ್ದಳು. ಮೊದಲನೇ ಸಲ ಹೇಳಿದಾಗ ತಲೆ ಆಡಿಸಿದಳು, ಇರಲಿ, ಗೊತ್ತು, ಎಂಬಂತೆ. ಎರಡನೇ ಸಲ ತಲೆ ತಗ್ಗಿಸಿದಳು. ಒಂದು ಸಲವಾದರೆ ಮಗಳಿಗಾಗಿ ಎನ್ನಬಹುದಿತ್ತು. ಎರಡನೆಯದು ಯಾರಿಗಾಗಿ ಎಂದು ಮೈಕಮ್ಮ ಈವತ್ತಿಗೂ ಉತ್ತರ ಹುಡುಕುತ್ತಿದ್ದಾಳೆ. ಇಷ್ಟಾಗಿ ಕೋರ್ಟು ಅವಳನ್ನು ನಂಬಲೂ ಇಲ್ಲ, ಮಗಳನ್ನು ಕೊಡಲೂ ಇಲ್ಲ. ಆ ಹೆಂಗಸು ಮಗುವಿನ ಕಣ್ಣಿಗೆ ಬೀಳಕೂಡದು ಎಂದು ಬೇರೆ ಹೇಳಿತು.

ಭೇಟಿಯ ಮಧ್ಯಾಹ್ನ ಬಿಸಿಲಿತ್ತು. ಮೆಕ್ಯಾನಿಕ್ಕು ಅವಳನ್ನು ಎಳೆಯುವ ಗಾಡಿಯಲ್ಲೇ ಕರೆತಂದು, ಎಂದಿನಂತೆ ಬೀದಿಯ ತುದಿಯಲ್ಲಿ, ಜೆರಾಕ್ಸ್ ಅಂಗಡಿಯ ಆಚೆಗೆ ನಿಲ್ಲಿಸಿದಳು. ಕೋರ್ಟಿನ ಬಾಗಿಲು ಅಲ್ಲಿಂದ ಕಾಣುವುದಿಲ್ಲ. ಬಾಗಿಲಿಗೂ ಅವಳು ಕಾಣುವುದಿಲ್ಲ. "ಹೋಗ್ಬಾ. ನಾನಿಲ್ಲೇ ಇರ್ತೀನಿ" ಎಂದಳು. ಈ ಬೀದಿಗೆ ಬಂದಾಗ ಮಾತ್ರ ಅವಳು ಓನರಮ್ಮ ಎನ್ನುವುದಿಲ್ಲ. ಅದೇ ಮೈಕಮ್ಮನಿಗೆ ಹೆಚ್ಚು ಕುಟುಕುತ್ತದೆ.

ಕೋರ್ಟಿನ ಮೆಟ್ಟಿಲ ಕೆಳಗೆ ಕುರ್ಚಿ ಹೆಂಗಸರು ಕೂತಿದ್ದರು. ಇವರನ್ನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ನಕ್ಕದ್ದಕ್ಕೆ ಅತ್ತಿತ್ತ ನೋಡುತ್ತಾರೆ. ಒಬ್ಬೊಬ್ಬಳೂ ತನ್ನ ಮನೆಯಲ್ಲಿ ಖಾಲಿ ಉಳಿದ ಮಕ್ಕಳ ಕುರ್ಚಿ ಹೊತ್ತು ತಂದಿದ್ದಾಳೆ. ಕೆಂಪು, ಹಳದಿ, ಬೆನ್ನಿಗೆ ಮೊಲದ ಕಿವಿ ಇರುವುದು, ಒಂದು ಕಾಲು ಮುರಿದು ದಾರ ಸುತ್ತಿದ್ದು. ಅಷ್ಟು ಸಣ್ಣ ಕುರ್ಚಿಯ ಮೇಲೆ ಅಷ್ಟು ದೊಡ್ಡ ಹೆಂಗಸರು, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಇಡೀ ಮಧ್ಯಾಹ್ನ ಕೂರುತ್ತಾರೆ. ಪೊಲೀಸರು ಬಂದು ನೋಡಿ, ತಲೆ ಕೆರೆದುಕೊಂಡು, ಕುರ್ಚಿಯ ಮೇಲೆ ಕೂತವರನ್ನು ಎಬ್ಬಿಸುವ ಸೆಕ್ಷನ್ನು ಸಿಗದೆ ವಾಪಸಾದರಂತೆ. ಹೆಣ್ಣಿನ ಜೊತೆ ಬಾಳುವೆ ಮಾಡಿದ್ದಕ್ಕೆ ಮಕ್ಕಳನ್ನು ಕಳಕೊಂಡವರು ಎಲ್ಲರೂ. ಅವರಿಗೆ ಹಿರಿಯಳು ಹೆಡ್‌ನರ್ಸಮ್ಮ. ಕೆಲಸದಿಂದ ನಿವೃತ್ತಳಾದರೂ ಗದರುವುದರಿಂದ ನಿವೃತ್ತಳಾಗದವಳು. ಅವಳ ಮಕ್ಕಳ ತಲೆ ಈಗ ನರೆತಿದೆ, ಇನ್ನೂ ಅವಳನ್ನು ಆಂಟಿ ಎನ್ನುತ್ತಾರೆ.

ಮೈಕಮ್ಮ ಅವರನ್ನು ದಾಟುವಾಗ ಪ್ರತಿಸಲ ಚಪ್ಪಲಿಯ ಪಟ್ಟಿ ಸಡಿಲವಾಗುತ್ತದೆ, ಅಂದರೆ ಅವಳೇ ಬಗ್ಗಿ ಅದನ್ನು ಸಡಿಲ ಮಾಡುತ್ತಾಳೆ. ಬಗ್ಗಿದವಳ ಮುಖ ಹೆಡ್‌ನರ್ಸಮ್ಮನ ಮುಖಕ್ಕೆ ಸರಿಯಾಗಿ ಬಂತು. ಆ ಕುರ್ಚಿ ಅಷ್ಟು ತಗ್ಗು.

"ಆ ಪಟ್ಟಿ ಇನ್ನೂ ರಿಪೇರಿ ಆಗ್ಲಿಲ್ವೇನೇ?"

"ಇಲ್ಲ ಸಿಸ್ಟರ್. ನಂಗೆ ಹೊತ್ತಾಯ್ತು."

"ನಿನ್ನ ಗಂಟಲಿಟ್ಕೊಂಡು ನೀನು ಚಪ್ಪಲಿ ಕಟ್ಕೊಂಡು ಹೋಗ್ತೀಯ. ನಮಗೆ ನೋಡು, ಈ ಕೈ ಮೈಕು ಹಿಡ್ಕೊಂಡ್ರೂ ಎದುರು ಅಂಗಡಿಗೆ ಕೇಳ್ಸಲ್ಲ."

"ಮುಂದಿನ ತಿಂಗಳು ಜಡ್ಜ್‌ಮೆಂಟ್ ಇದೆ ಸಿಸ್ಟರ್."

"ಇರತ್ತೆ. ನಂಗೂ ಇತ್ತು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು." ಹೆಡ್‌ನರ್ಸಮ್ಮ ಅವಳ ಕೈ ತಟ್ಟಿದಳು, ಸೂಜಿ ಚುಚ್ಚುವ ಮೊದಲು ತಟ್ಟುವ ಹಾಗೆ. "ಹೋಗು, ಮಗು ಕಾಯ್ತಿರತ್ತೆ. ನಾನೇನು ಬಲವಂತ ಮಾಡೋಳಲ್ಲ."

ಕೋಣೆಯಲ್ಲೂ ಇದ್ದವು ಸಣ್ಣ ಕುರ್ಚಿಗಳೇ. ಕಾವಲಿನ ಹೆಂಗಸಿಗೆ ಮಾತ್ರ ದೊಡ್ಡ ಕುರ್ಚಿ. ಅವಳು ಮಡಿಲಲ್ಲಿ ಕಿತ್ತಳೆಹಣ್ಣು ಇಟ್ಟುಕೊಂಡು, ಸಿಪ್ಪೆ ಒಂದೇ ಸುರುಳಿಯಾಗಿ ಬರಬೇಕೆಂಬ ಹಟದಲ್ಲಿ ಸುಲಿಯುತ್ತಿದ್ದಳು. ಮಗಳು ಕಿಟಕಿಯ ಹತ್ತಿರ ಕೂತಿದ್ದಳು. ಹನ್ನೊಂದು ದಾಟಿದ ಹುಡುಗಿ, ಹದಿನೈದು ದಿನದಲ್ಲೇ ಮತ್ತೊಂದಿಷ್ಟು ಉದ್ದವಾದಂತೆ ಕಂಡಳು. ತಲೆಗೂದಲನ್ನು ಯಾರೋ ಬೇರೆ ರೀತಿ ಬಾಚಿದ್ದರು, ಬೈತಲೆ ಎಡಕ್ಕೆ ಬಂದಿತ್ತು. ಆ ಬೈತಲೆಯನ್ನು ನೋಡುತ್ತ ನೋಡುತ್ತ ಮೈಕಮ್ಮನಿಗೆ ಕೂರುವುದು ಮರೆತುಹೋಯಿತು. ಅಜ್ಜಿ ಬಾಚಿರಬೇಕು. ಅಜ್ಜಿ ಎಂದರೆ ಯಾರ ಅಮ್ಮ, ಅವನದೋ ತನ್ನದೋ? ತನ್ನ ಅಮ್ಮ ಸತ್ತ ಮಗಳ ಮಗಳಿಗೆ ಬೈತಲೆ ತೆಗೆಯುತ್ತಾಳೆಯೇ? ಚಿಕ್ಕವಳಿದ್ದಾಗ ತನಗೂ ಎಡಕ್ಕೇ ತೆಗೆಯುತ್ತಿದ್ದಳಲ್ಲ, ಬಾಚಣಿಗೆಯ ಹಲ್ಲು ನೆತ್ತಿಗೆ ಒತ್ತಿ, ಉಗುಳು ಹಚ್ಚಿ.

"ಊಟ ಆಯ್ತಾ?"

"ಆಯ್ತು. ನಿಮ್ದು?"

ನಿಮ್ದು ಎಂದದ್ದು ಹೊಸತು. ಹಿಂದಿನ ಸಲ ನಿಂದು ಇತ್ತು. ಮೈಕಮ್ಮ ಅದನ್ನು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಇದ್ದಳು, ಕಾಲ ಮೇಲೆ ಯಾರೋ ಕಾಲಿಟ್ಟಾಗ ಬಸ್ಸಿನಲ್ಲಿ ಇರುತ್ತೇವಲ್ಲ ಹಾಗೆ. ಶಾಲೆಯ ವಿಷಯ ಕೇಳಿದಳು, ಹಲ್ಲಿನ ವಿಷಯ ಕೇಳಿದಳು. ಕೇಳುತ್ತ ಕೇಳುತ್ತ ಗೂಡಿನ ದನಿ ಬಂದುಬಿಟ್ಟಿತು.

"ಮೈಕಲ್ಲಿ ಮಾತಾಡ್ದಂಗೆ ಮಾತಾಡ್ಬೇಡಿ" ಎಂದಳು ಮಗಳು. ಆಮೇಲೆ, "ನನ್ನ ಫ್ರೆಂಡ್ಸಿಗೆ ಅದು ಮಷೀನು ಅಂತ ಹೇಳಿದ್ದೀನಿ" ಎಂದಳು.

"ಯಾವುದು?"

"ಬಸ್‌ಸ್ಟ್ಯಾಂಡಲ್ಲಿ ಕೂಗೋದು."

ಶಾಲೆಯ ಬಸ್ಸು ನಿಲ್ಲುವ ಕಡೆಯ ಪ್ಲಾಟ್‌ಫಾರಂ ಗೂಡಿನಿಂದ ಕಾಣುವುದಿಲ್ಲ. ಮಗಳು ಅಲ್ಲಿ ಬಸ್ಸು ಹತ್ತುವ ಹೊತ್ತಿಗೆ ಸರಿಯಾಗಿ ಮೈಕಮ್ಮ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಕೂಗುತ್ತಿದ್ದಳು. ತೊಟ್ಟಿಲು ತೂಗುವವರು ಕೂಡ ಅಷ್ಟು ಜೋಪಾನ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಒಂದು ಮಷೀನು ಹಾಗೆ ಮಾಡುತ್ತಿತ್ತು.

"ಒಳ್ಳೇದೇ ಆಯ್ತು ಬಿಡು. ಮಷೀನಿಗೆ ನೆಗಡಿ ಆಗಲ್ಲ."

ಮಗಳ ಮೂಗಿನ ತುದಿಯಲ್ಲಿ ನಗು ಬಂದು ನಿಂತು, ಒಳಗೆ ಹೋಯಿತು. ಅವಳು ಕಾಲಿನಿಂದ ಕುರ್ಚಿಯ ಕಾಲನ್ನು ಒದೆಯುತ್ತ ಇದ್ದಳು. ಕಿತ್ತಳೆಯ ಸಿಪ್ಪೆ ತುಂಡಾಗಿ ಬಿತ್ತು. ಕಾವಲಿನವಳು ತನ್ನಷ್ಟಕ್ಕೆ ಏನೋ ಗೊಣಗಿದಳು.

"ಒಂದ್ ಕೇಳ್ಲಾ? ಬೈಬಾರ್ದು."

"ಕೇಳು ಮರಿ."

"ಆ ಆಂಟಿ ಬಾಡಿಗೆಗೆ ಇರೋರಂತೆ. ನೀವೇ ಜಡ್ಜಿಗೆ ಹೇಳಿದ್ರಂತೆ. ಅಪ್ಪ ಅಜ್ಜಿ ಹತ್ರ ಹೇಳ್ತಿದ್ರು, ನಾನು ಕೇಳಿಸ್ಕೊಂಡೆ."

ಮೈಕಮ್ಮ ಮುಖ ತಿರುಗಿಸಿದಳು. ಆನೆಯ ಸೊಂಡಿಲ ಹತ್ತಿರ ಗೋಡೆಯ ಬಣ್ಣ ಎದ್ದು, ಒಳಗಿನ ಹಳೆಯ ಹಸಿರು ಕಾಣುತ್ತಿತ್ತು.

"ಹಾಗಿದ್ರೆ ನೀವು ಯಾರಿಗೋಸ್ಕರಾನೂ ಮನೆ ಬಿಟ್ಟು ಹೋಗಿಲ್ಲ" ಎಂದಳು ಮಗಳು. ಲೆಕ್ಕದ ಮೇಡಂ ಮುಂದೆ ನಿಂತು ಬಿಡಿಸುವವಳ ಹಾಗೆ, ಕಣ್ಣು ಮೇಲೆ ಮಾಡಿ, ಒಂದೊಂದೇ ಹೇಳಿದಳು. "ಹೊರಗಡೆ ಯಾರೂ ಇಲ್ದಿದ್ರೆ, ಮನೇಲಿ ಇದ್ದೋರಿಂದಾನೇ ತಾನೇ ಹೋಗಿದ್ದು. ಅಪ್ಪನ ಮೇಲೆ ನಿಮಗೆ ಕೋಪ ಇರ್ಲಿಲ್ಲ, ಹಂಗಂತ ನೀವೇ ಹೇಳಿದ್ರಿ. ಉಳಿದಿದ್ದು ನಾನು." ಒದೆಯುತ್ತಿದ್ದ ಕಾಲು ನಿಂತಿತು. "ಹಿಂದಿನ ದಿನ ನಾನು ಹಾಲಿನ ಪಾತ್ರೆ ಬೀಳ್ಸಿದ್ದೆ. ನೆಲ ಎಲ್ಲಾ ಹಾಲು. ನೀವು, ಸಾಕಾಯ್ತು ನಂಗೆ, ಅಂದ್ರಿ. ಬೆಳಿಗ್ಗೆ ಎದ್ರೆ ನೀವಿರ್ಲಿಲ್ಲ."

ಹಾಲು ಮೈಕಮ್ಮನಿಗೆ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಆ ಸಂಜೆಯಲ್ಲಿ ಹಾಲೇ ಇರಲಿಲ್ಲ. ಅವಳು ಆ ಸಂಜೆಯನ್ನು ಇಷ್ಟು ಕಾಲ ತಿರುವಿ ಮುರುವಿ ನೋಡಿದ್ದರೂ, ಬಾಗಿಲ ಹತ್ತಿರದ ಚೀಲ, ಅವನ ತೆಪ್ಪಗಿದ್ದ ಬೆನ್ನು, ಮಲಗಿದ್ದ ಮಗಳ ಕೆನ್ನೆಯ ಮೇಲಿನ ದಿಂಬಿನ ಗೆರೆ, ಇಷ್ಟೇ ಇದ್ದವು. ಈ ಮಗು ಇಷ್ಟು ದಿನದಿಂದ ಒಬ್ಬಳೇ ಆ ನೆಲವನ್ನು ಒರೆಸುತ್ತ ಕೂತಿದೆ. ಕೋರ್ಟಿನಲ್ಲಿ ತಾನು ಯಾರಿಗಾಗಿ ಸುಳ್ಳು ಹೇಳಿದೆನೋ ಅವಳ ಮೇಲೆಯೇ ಆ ಸುಳ್ಳು ಕಳಚಿಬಿದ್ದಿದೆ. ಬಾಡಿಗೆಯವಳು ಎಂದ ಮಾತಿನಿಂದ ಮನೆಯಲ್ಲಿ ಒಬ್ಬಳನ್ನು ಅಳಿಸಿದೆ ಎಂದುಕೊಂಡಿದ್ದಳು. ಅಳಿಸಿದ ಜಾಗಕ್ಕೆ ಮಗಳೇ ಹೋಗಿ ನಿಂತುಕೊಳ್ಳುತ್ತಾಳೆ ಎಂದು ಯಾವ ವಕೀಲರೂ ಹೇಳಿರಲಿಲ್ಲ. ಬಾಯಿ ತೆರೆದರೆ ಕಾವಲಿನವಳ ಕಿವಿಯಿದೆ, ಕಿವಿಯ ಆಚೆ ಜಡ್ಜಿದ್ದಾರೆ, ಮುಂದಿನ ತಿಂಗಳಿದೆ. ಬಾಯಿ ಮುಚ್ಚಿದರೆ ಹಾಲಿದೆ. ಗೂಡಿನ ದನಿ ಎದ್ದು ಗಂಟಲಿಗೆ ಬಂತು. ಅವಳು ಅದನ್ನು ಮಾತ್ರೆ ನುಂಗಿದ ಹಾಗೆ ಕಷ್ಟಪಟ್ಟು ನುಂಗಿದಳು. ಆಮೇಲೆ ಉಳಿದದ್ದು ಒಂದು ಸಣ್ಣ, ಒಡಕು ದನಿ. ಇದು ಬಸ್‌ಸ್ಟ್ಯಾಂಡಿನವರಿಗೆ ಗೊತ್ತಿಲ್ಲದ್ದು.

"ಅವಳು ಬಾಡಿಗೆಯವಳಲ್ಲ. ಸುಳ್ಳು ಹೇಳ್ದೆ ನಾನು."

ಮಗಳು ಅವಳನ್ನೇ ನೋಡಿದಳು.

"ಅವಳಂದ್ರೆ ನಂಗೆ ಪ್ರೀತಿ. ಬೇರೆಯೋರು ಮನೆ ಮಾಡ್ತಾರಲ್ಲ ಗಂಡ ಹೆಂಡ್ತಿ, ಹಾಗೇನೇ ನಾವಿಬ್ರೂ ಮನೆ ಮಾಡಿರೋದು. ಅಪ್ಪನ ಜೊತೆ ಇದ್ಕೊಂಡು ಅದನ್ನ ಬಚ್ಚಿಡೋಕೆ ನಂಗೆ ಆಗ್ಲಿಲ್ಲ. ಅದಕ್ಕೇ ಹೋದೆ. ಹಾಲು ಚೆಲ್ಲಿದ್ದಕ್ಕೆ ಯಾರೂ ಮನೆ ಬಿಟ್ಟು ಹೋಗಲ್ಲ ಮರಿ. ನಿನ್ನ ಕರ್ಕೊಂಡು ಹೋಗೋಕೆ ಅಂತ ಮಾರನೇ ದಿನಾನೇ ಬಂದೆ. ಬಿಡ್ಲಿಲ್ಲ."

"ಯಾರು?"

ಅಪ್ಪ ಎನ್ನಬಹುದಿತ್ತು. ಅಜ್ಜಿ ಎನ್ನಬಹುದಿತ್ತು. ಮೈಕಮ್ಮ ಕೋಣೆಯನ್ನು ಒಮ್ಮೆ ನೋಡಿ, "ಈ ಕಟ್ಟಡದೋರು" ಎಂದಳು.

"ಸುಳ್ಳು ಯಾಕೆ ಹೇಳಿದ್ದು?"

"ಹೇಳಿದ್ರೆ ನಿನ್ನ ಕೊಡ್ತಾರೆ ಅಂದ್ಕೊಂಡೆ."

"ಕೊಡ್ಲಿಲ್ವಲ್ಲ."

"ಇಲ್ಲ."

"ವೇಸ್ಟಾಯ್ತು" ಎಂದಳು ಮಗಳು. ಬೇಜಾರಿನಿಂದಲ್ಲ, ತಪ್ಪು ಬಸ್ಸಿಗೆ ಟಿಕೆಟು ತೆಗೆಸಿದವರನ್ನು ಕಂಡು ಅನ್ನುವ ಹಾಗೆ. ಆಮೇಲೆ ಅವಳ ಮೇಲ್ತುಟಿ ಒಂದು ಸಲ ಒಳಕ್ಕೆ ಹೋಯಿತು. ಬೈತಲೆಯ ಮೇಲೆ ಕೈ ಇಟ್ಟುಕೊಂಡು ಬೆರಳಿನಿಂದ ಕೂದಲನ್ನು ಅತ್ತ ಇತ್ತ ಕೆದರಿದಳು. ಕಾವಲಿನ ಹೆಂಗಸು ಎದ್ದು ಬಂದು, ಎರಡು ತೊಳೆ ಕಿತ್ತಳೆಯನ್ನು ಅವಳ ಅಂಗೈಯಲ್ಲಿಟ್ಟು, "ಬೀಜ ಇದೆ, ನೋಡ್ಕೊಂಡು" ಎಂದಳು.

ಗಂಟೆ ಮುಗಿದ ಮೇಲೆ ಮಗಳನ್ನು ಪಕ್ಕದ ಬಾಗಿಲಿನಿಂದ ಅಪ್ಪನ ಹತ್ತಿರ ಕಳಿಸಿ ಕಾವಲಿನವಳು ಹಿಂದಿರುಗಿದಳು. ಮೈಕಮ್ಮ ಇನ್ನೂ ಸಣ್ಣ ಕುರ್ಚಿಯ ಮೇಲೇ ಇದ್ದಳು. ಮೊಣಕಾಲು ಜೋಮು ಹಿಡಿದಿತ್ತು.

"ನಾನು ಕಿವುಡಿ ಅಲ್ಲಮ್ಮ" ಎಂದಳು ಆ ಹೆಂಗಸು. "ಕೇಳಿದ್ದು ಕೇಳಿದಂಗೆ ಒಳಗೆ ಹೇಳ್ಬೇಕು. ನನ್ನ ಅನ್ನ ಅದು."

"ಗೊತ್ತು."

"ಹೇಳಿದ್ರೆ ಏನಾಗತ್ತೆ ಅಂತಾನೂ ಗೊತ್ತಲ್ವಾ? ಭಾನುವಾರ ಬಿಡಿ, ಇದೂ ಇರಲ್ಲ." ಅವಳು ಸಿಪ್ಪೆಗಳನ್ನು ಒಟ್ಟುಮಾಡುತ್ತ, ಮುಖ ಎತ್ತದೆ, "ತಮಾಷೆಗೆ ಅಂದೆ ಅನ್ನಿ. ಮಗೂನ ಸಮಾಧಾನ ಮಾಡೋಕೆ ಏನೋ ಅಂದ್ಲು ಅಂತ ಹೇಳ್ತೀನಿ. ನಂಗೂ ಹೆಣ್ಣುಮಕ್ಳಿದ್ದಾರೆ. ಒಂದು ಮಾತು ಅನ್ನಿ ಸಾಕು" ಎಂದಳು.

ಒಂದು ಮಾತು. ಮೈಕಮ್ಮನ ನಾಲಗೆಯ ಮೇಲೆ ಅದು ಬಂದೇ ಬಂತು, ಎಷ್ಟು ಹಗುರವಾಗಿತ್ತೆಂದರೆ ಉಸಿರು ಬಿಟ್ಟರೆ ತಾನಾಗಿ ಹಾರಿಹೋಗುತ್ತಿತ್ತು. ಹದಿನೈದು ದಿನ ಕಳೆದರೆ ಮತ್ತೆ ಈ ಕೋಣೆ, ಈ ಆನೆ, ಈ ಬೈತಲೆ. ಮಗಳು ಬಂದು ಎದುರು ಕೂತು, ಅದು ತಮಾಷೆಯಂತೆ, ಎಂದರೆ? ಕೂರುವುದೇ ಇಲ್ಲದೆ ಹೋದರೆ? ಎರಡೂ ಕಡೆ ಕತ್ತಲೆ.

"ತಮಾಷೆ ಅಲ್ಲ" ಎಂದಳು.

"ಅಲ್ವಾ?"

"ಅಲ್ಲ. ನಾನು ಅಂದ ಹಾಗೇ ಹೇಳಿ."

ಕಾವಲಿನವಳು ಸಿಪ್ಪೆಗಳನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. "ನಿಮ್ಮ ಹಟ ನಿಮಗೆ" ಎಂದಳು. ಬೈದ ಹಾಗಿರಲಿಲ್ಲ.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಮೆಟ್ಟಿಲಿಳಿದದ್ದು ಮೈಕಮ್ಮನಿಗೆ ಗೊತ್ತಾಗಲಿಲ್ಲ. ಕಾಲು ತಾನೇ ಇಳಿಸಿತು. ತನಗೀಗ ಸಿಟ್ಟು ಬರುತ್ತದೆ ಎಂದು ಕಾಯುತ್ತಿದ್ದಳು, ಧೈರ್ಯ ಬರುತ್ತದೆ ಎಂದು ಕಾಯುತ್ತಿದ್ದಳು. ಬಂದದ್ದು ಬರಿಯ ಭಯ, ಮತ್ತು ಆ ಭಯದ ತಳದಲ್ಲಿ, ಕಳಕೊಳ್ಳಲಿಕ್ಕೆ ಇದ್ದದ್ದನ್ನು ಕಳಕೊಂಡಾಯಿತಲ್ಲ ಎನ್ನುವ ಒಂದು ನಾಚಿಕೆಗೇಡಿನ ನಿರಾಳ. ಬರಿಗೈಯಲ್ಲಿ ಬಂದಿದ್ದ ಅವಳಿಗೆ ಕೂರಲು ಕುರ್ಚಿಯಿರಲಿಲ್ಲ. ಹೆಡ್‌ನರ್ಸಮ್ಮ ಅವಳ ಮುಖ ನೋಡಿದವಳೇ ಏನೂ ಕೇಳದೆ, ಮಂಡಿ ಹಿಡಿದುಕೊಂಡು ಎದ್ದು, ಮೊಲದ ಕಿವಿಯ ತನ್ನ ಕುರ್ಚಿಯನ್ನು ಕಾಲಿನಿಂದ ಇತ್ತ ತಳ್ಳಿದಳು.

"ಕೂತ್ಕೊಂಡು ಹೇಳ್ತೀಯೋ ನಿಂತ್ಕೊಂಡೋ?"

"ಏನು ಹೇಳ್ಲಿ ಸಿಸ್ಟರ್?"

"ನಂಗೇನು ಗೊತ್ತು. ನಿನ್ನ ಬಾಯಿ."

ಹೆಡ್‌ನರ್ಸಮ್ಮ ಕೊಟ್ಟ ಕೈ ಮೈಕು ಹಗುರವಾಗಿತ್ತು, ಆಟದ ಸಾಮಾನಿನಂತೆ. ಗೂಡಿನಲ್ಲಿ ಗಾಜಿತ್ತು, ಗಾಜಿನ ಆಚೆ ಮಂದಿಯ ತಲೆಗಳಷ್ಟೇ ಕಾಣುತ್ತಿದ್ದವು; ಇಲ್ಲಿ ಮುಖಗಳು, ಬೆವರು, ಎದುರು ಅಂಗಡಿಯಲ್ಲಿ ಸೋಡಾ ಕುಡಿಯುತ್ತಿದ್ದವನ ಬಾಯಿ ಪಕ್ಕದ ಗಾಯ. ಯಾರೂ ಬರೆದುಕೊಟ್ಟ ಚೀಟಿಯಿರಲಿಲ್ಲ, ಬಸ್ಸಿನ ನಂಬರಿರಲಿಲ್ಲ. ಅವಳು ಮೈಕಿನ ಗುಂಡಿ ಒತ್ತಿದಳು. ಆ ಒಡಕು ದನಿಯೇ ಬಂತು, ಇಷ್ಟು ದೊಡ್ಡದಾಗಿ ಅದನ್ನು ಅವಳೂ ಕೇಳಿರಲಿಲ್ಲ.

"ನಂಗೊಬ್ಳು ಮಗಳಿದ್ದಾಳೆ. ಇದೇ ಕೋರ್ಟಲ್ಲಿ ನಾನೊಂದು ಸುಳ್ಳು ಹೇಳಿದ್ದೆ, ಅವಳನ್ನ ಕೊಡ್ತಾರೆ ಅಂತ. ನನ್ನ ಜೊತೆ ಇರೋಳು ಬಾಡಿಗೆಯವಳು ಅಂದಿದ್ದೆ. ಅವಳು ನನ್ನ ಸಂಗಾತಿ. ನನ್ನ ಮನೆಯೋಳು. ನಾನು ಹೆಣ್ಣನ್ನ ಪ್ರೀತಿಸೋಳು, ತಾಯೀನೂ ಹೌದು. ಎರಡ್ರಲ್ಲಿ ಒಂದನ್ನ ಆರಿಸ್ಕೋ ಅಂದ್ರು. ಎಡಗಣ್ಣು ಬೇಕಾ ಬಲಗಣ್ಣು ಬೇಕಾ ಅಂತ ಯಾರಾದ್ರೂ ಕೇಳ್ತಾರೇನ್ರೀ?"

ಸೋಡಾದವನು ಬಾಟಲಿ ಕೆಳಗಿಟ್ಟ. ಬೀದಿಯ ತುದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೂಲೆಯಿಂದ, ಒಗೆದ ಅಂಗಿಯ ಒಂದು ತೋಳು ಕಂಡಿತು, ಆಮೇಲೆ ಇಡೀ ಆಳು. ಕಾಣಕೂಡದ ಜಾಗಕ್ಕೆ ಮೆಕ್ಯಾನಿಕ್ಕು ಎರಡು ಹೆಜ್ಜೆ ಬಂದು, ಬೀದಿಯ ನಟ್ಟನಡುವೆ ಕೈ ಇಳಿಬಿಟ್ಟು ನಿಂತಿದ್ದಳು. ಹಿಂದೆ ಒಂದು ಆಟೋ ಹಾರ್ನು ಬಡಿದುಕೊಳ್ಳುತ್ತಿತ್ತು. ಅವಳು ಅಳುತ್ತಿದ್ದಾಳೋ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೋ, ಅಷ್ಟು ದೂರದಿಂದ ತಿಳಿಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಕನ್ನಡಕದ ಅಂಗಡಿಯವನು ಮಗಳ ಕೈ ಹಿಡಿದುಕೊಂಡು ಕೋರ್ಟಿನ ಬಾಗಿಲಿಗೆ ಬಂದ. ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. ಕೆಳಗೆ ಕುರ್ಚಿಗಳು, ನಡುವೆ ಮೈಕಮ್ಮ. ಅವನ ಮುಖದಲ್ಲಿ ಗೆದ್ದ ಲಕ್ಷಣವೇನೂ ಇರಲಿಲ್ಲ. ತಾನು ಮುಂಚೆಯೇ ಹೇಳಿದ್ದೆನಲ್ಲ ಎನ್ನುವ ಸಂಕಟವಿತ್ತು. ಅವನು ಬಗ್ಗಿ, ಗಾಜು ಒರೆಸಿ ಒರೆಸಿ ನುಣುಪಾದ ಆ ಎರಡು ಅಂಗೈಗಳನ್ನು ಮಗಳ ಕಿವಿಗಳ ಮೇಲೆ ಮೆಲ್ಲಗೆ ಮುಚ್ಚಿದ. ಮಗಳು ಕೊಸರಾಡಲಿಲ್ಲ. ಅಪ್ಪನ ಕೈಗಳ ನಡುವೆ ಅವಳ ಮುಖ ಸಣ್ಣದಾಗಿ ಕಂಡಿತು. ಅವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಮುಖದಲ್ಲೂ ಬಾಯಿಯನ್ನು. ಆದರೆ ಬಾಯಿಯ ಮುಂದೆ ಮೈಕಿತ್ತು.

ಮೈಕಮ್ಮ ಮೈಕನ್ನು ಕೆಳಗಿಳಿಸಿದಳು. ಬರಿಬಾಯಲ್ಲಿ, ತುಟಿಗಳನ್ನು ಒಂದೊಂದು ಅಕ್ಷರಕ್ಕೂ ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ನಿಧಾನವಾಗಿ ಅದೇ ಮಾತನ್ನು ಎರಡನೇ ಸಲ ಹೇಳತೊಡಗಿದಳು.

"ಕೇಳಿಸ್ತಿಲ್ಲ, ಜೋರಾಗಿ" ಎಂದರು ಹಿಂದಿನ ಸಾಲಿನವರು. ಅವಳು ಜೋರು ಮಾಡಲಿಲ್ಲ. ಮೆಟ್ಟಿಲ ಮೇಲೆ ಮಗಳ ತುಟಿಗಳೂ ಅವಳ ಜೊತೆಯಲ್ಲೇ ಅಲುಗುತ್ತಿದ್ದವು.